ಅವತಾರ ಎತ್ತಿದ ಮೇಲೆ ಖಾತೆ ಯಾರ ಹೆಸರಲ್ಲಿ?

ಅಕ್ಕನ ಮಗ ಇಂಜಿನಿಯರಿಂಗ್ ಓದಲು ದಾವಣಗೆರೆಗೆ ಬಂದು ನಮ್ಮ ಮನೆಯಲ್ಲೇ ಇದ್ದಾನೆ. ಓದುವುದಕ್ಕಿಂತ ಗೇಮ್ ಆಡುವುದು ಜಾಸ್ತಿ. ಮೊನ್ನೆ ಸಂಜೆ ರಾಂ ಅಂಡ್ ಕೋ ಸರ್ಕಲ್ ಹತ್ತಿರ ಮಂಡಕ್ಕಿ ಮಿರ್ಚಿ ತಿನ್ನುತ್ತಾ ನಿಂತಿದ್ದೆವು. ಇದ್ದಕ್ಕಿದ್ದಂತೆ ಕೇಳಿದ: "ಮಾಮ, ದೇವರು ಮನುಷ್ಯ ಆಗಿ ಹುಟ್ಟಿದ್ರೆ ಅದು ಅದೇ ದೇವರಾ, ಇಲ್ಲಾ ಬೇರೆಯವರಾ?"

ಬಾಯಲ್ಲಿ ಮಿರ್ಚಿ ಇತ್ತು. "ಅದೇ ದೇವರು ಕಣೋ. ಅದಕ್ಕೇ ಅವತಾರ ಅನ್ನೋದು" ಅಂದೆ.

"ಹಾಗಾದ್ರೆ ಫುರೀನಾ ಯಾಕೆ ಅಷ್ಟೊಂದು ಅಳ್ತಾಳೆ?" ಅಂದ.

ಫುರೀನಾ ಯಾರು ಅಂತ ತಿಳಿದುಕೊಳ್ಳಲು ನನಗೆ ಎರಡು ರಾತ್ರಿ ಬೇಕಾಯಿತು. ಗೆನ್ಶಿನ್ ಇಂಪ್ಯಾಕ್ಟ್ ಅನ್ನೋ ಗೇಮಿನಲ್ಲಿ ಫೊಂಟೇನ್ ಅಂತ ಒಂದು ದೇಶ. ಅದಕ್ಕೆ ನೀರಿನ ದೇವತೆ ಫೋಕಲೋರ್ಸ್. ಒಂದು ದಿನ ದೇಶದ ಜನರೆಲ್ಲ ನೀರಲ್ಲಿ ಕರಗಿ ಹೋಗುತ್ತಾರೆ, ದೇವತೆ ಒಬ್ಬಳೇ ಸಿಂಹಾಸನದ ಮೇಲೆ ಕೂತು ಅಳುತ್ತಾಳೆ ಅಂತ ಭವಿಷ್ಯ ಇರುತ್ತದೆ. ಇದರಿಂದ ಜನರನ್ನು ಉಳಿಸಲು ಫೋಕಲೋರ್ಸ್ ತನ್ನನ್ನೇ ಎರಡು ಮಾಡಿಕೊಳ್ಳುತ್ತಾಳೆ. ದೈವತ್ವ ಒಂದು ಕಡೆ, ಮನುಷ್ಯಳಾದ ಫುರೀನಾ ಇನ್ನೊಂದು ಕಡೆ. ಈ ಹುಡುಗಿ 500 ವರ್ಷ ದೇವತೆಯ ಪಾತ್ರ ಮಾಡಬೇಕು, ಯಾರಿಗೂ ಗುಟ್ಟು ಬಿಡಬಾರದು, ಯಾಕೆ ಅಂತ ಅವಳಿಗೂ ಪೂರ್ತಿ ಗೊತ್ತಿಲ್ಲ. 2023ರ ನವೆಂಬರ್‌ನಲ್ಲಿ ಬಂದ ಕಥೆಯ ಕೊನೆಯ ಭಾಗದಲ್ಲಿ ಕೋರ್ಟು ಅವಳನ್ನು ಕಟಕಟೆಯಲ್ಲಿ ನಿಲ್ಲಿಸಿ, ನೀರಿನ ದೇವತೆ ತಪ್ಪಿತಸ್ಥೆ, ಮರಣದಂಡನೆ ಅಂತ ತೀರ್ಪು ಕೊಡುತ್ತದೆ. ಸಾಯುವುದು ಫೋಕಲೋರ್ಸ್. ಕಟಕಟೆಯಲ್ಲಿ ನಿಂತು ಅತ್ತವಳು ಫುರೀನಾ. ಅವಳು ಬದುಕಿಕೊಳ್ಳುತ್ತಾಳೆ.

ಈಗ ಹೇಳಿ, ಇವರು ಒಬ್ಬರಾ ಇಬ್ಬರಾ?

ಇದು ಬರೀ ಗೇಮ್ ಆಡುವ ಹುಡುಗರ ಜಗಳ ಅಲ್ಲ. 2025ರ ಜುಲೈಯಲ್ಲಿ ಮಹಾವತಾರ ನರಸಿಂಹ ಆನಿಮೇಷನ್ ಚಿತ್ರ ಬಂತು, ಅಕ್ಟೋಬರ್ 2ಕ್ಕೆ ಕಾಂತಾರ ಚಾಪ್ಟರ್ 1 ಬಂತು. ದೇವರು ಅವತಾರ ಎತ್ತುವುದು, ದೈವ ಮೈಮೇಲೆ ಬರುವುದು, ಅಂಶ, ಪುನರ್ಜನ್ಮ ಎಲ್ಲವೂ ಪರದೆ ಮೇಲೆ ಒಟ್ಟೊಟ್ಟಿಗೆ ಓಡುತ್ತಿವೆ. ನೋಡುವವರು ನಾಲ್ಕನ್ನೂ ಒಂದೇ ಬುಟ್ಟಿಗೆ ಹಾಕುತ್ತಿದ್ದಾರೆ. ಹೊರಗಿನ ಫ್ಯಾಂಟಸಿ ಬರೆಯುವವರು ನಮ್ಮ 'ಅವತಾರ' ಪದವನ್ನೇ ಎತ್ತಿಕೊಂಡು ಹೋಗಿ ಬೇಕಾದ ಅರ್ಥಕ್ಕೆಲ್ಲ ಬಳಸಿದ್ದಾರೆ. ವೇಷಕ್ಕೂ ಅವತಾರ, ಗೊಂಬೆಗೂ ಅವತಾರ, ಫೋನಿನಲ್ಲಿ ಹಾಕಿಕೊಳ್ಳುವ ಕಾರ್ಟೂನ್ ಮುಖಕ್ಕೂ ಅವತಾರ.

ಮೊದಲು ನಮ್ಮ ಮನೆಯ ಉದಾಹರಣೆಯನ್ನೇ ನೋಡೋಣ. ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಭೀಮ ಹೊಸಬನಲ್ಲ. ಮೇಲೆ ಹಿಡಿಂಬೇಶ್ವರನ ಗುಡಿ ಇದೆ, ಭೀಮ ಹಿಡಿಂಬಾಸುರನನ್ನು ಕೊಂದದ್ದು ಇಲ್ಲೇ ಅಂತ ಊರಿನ ನಂಬಿಕೆ. ಅಂಥ ಭೀಮ ಸೌಗಂಧಿಕ ಹೂವು ಹುಡುಕಿಕೊಂಡು ಹೋಗುವಾಗ ದಾರಿಗೆ ಅಡ್ಡ ಒಂದು ಮುದಿ ಕೋತಿ ಮಲಗಿರುತ್ತದೆ. ಬಾಲ ಸರಿಸು ಅಂತಾನೆ. ನೀನೇ ಸರಿಸಿಕೊಂಡು ಹೋಗಪ್ಪ ಅನ್ನುತ್ತದೆ ಅದು. ಎರಡೂ ಕೈ ಹಾಕಿದರೂ ಬಾಲ ಅಲ್ಲಾಡುವುದಿಲ್ಲ. ಅದು ಹನುಮಂತ. ಮಹಾಭಾರತದ ಪ್ರಕಾರ ಇಬ್ಬರೂ ವಾಯುವಿನ ಮಕ್ಕಳು, ಅಣ್ಣ ತಮ್ಮ. ಅಲ್ಲಿಗೆ ಸರಿ. ಆದರೆ 13ನೇ ಶತಮಾನದಲ್ಲಿ ನಮ್ಮ ಕರಾವಳಿಯಲ್ಲೇ ಬೆಳೆದ ಮಾಧ್ವ ಪರಂಪರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಹನುಮ, ಭೀಮ, ಮಧ್ವ ಮೂವರೂ ವಾಯುದೇವರ ಅವತಾರಗಳೇ. ಅಂದರೆ ಅವತ್ತು ಆ ಕಾಡಿನಲ್ಲಿ ವಾಯುದೇವರು ತನ್ನ ಬಾಲವನ್ನು ತಾನೇ ಎತ್ತಲಾಗದೆ ಬೆವರುತ್ತಿದ್ದಾರೆ! ಅದೆಲ್ಲ ಲೀಲೆ, ಒಳಗೆ ಭೇದವೇ ಇಲ್ಲ ಅಂತ ಆ ಪರಂಪರೆ ಉತ್ತರ ಕೊಡುತ್ತದೆ. ಉತ್ತರ ಗಟ್ಟಿಯಾಗೇ ಇದೆ. ಆದರೆ ಕಥೆಯಾಗಿ ಓದುವಾಗ ನನಗೆ ಭೀಮನ ಬೆವರು ನಿಜವಾದ ಬೆವರೇ ಆಗಿರಬೇಕು ಅನ್ನಿಸುತ್ತದೆ, ಇಲ್ಲದಿದ್ದರೆ ಸೊಕ್ಕು ಮುರಿಯುವುದು ಯಾರದ್ದು?

ಸಾಮಾನ್ಯವಾಗಿ ಜನ ಮೊದಲು ಹಿಡಿಯುವ ಅಳತೆಗೋಲು ನೆನಪು. ಹಿಂದಿನದು ನೆನಪಿದ್ದರೆ ಅದೇ ವ್ಯಕ್ತಿ, ಇಲ್ಲದಿದ್ದರೆ ಬೇರೆ. ಗೀತೆಯ ನಾಲ್ಕನೇ ಅಧ್ಯಾಯದಲ್ಲಿ ಕೃಷ್ಣ ಹೇಳುವುದೂ ಇದನ್ನೇ: ನನಗೂ ನಿನಗೂ ಎಷ್ಟೋ ಜನ್ಮ ಕಳೆದಿವೆ, ನನಗೆ ಎಲ್ಲ ಗೊತ್ತು, ನಿನಗೆ ಗೊತ್ತಿಲ್ಲ. ಇಷ್ಟೇ ಆಗಿದ್ದರೆ ಕೆಲಸ ಸುಲಭ ಇತ್ತು. ಆದರೆ ವಾಲ್ಮೀಕಿಯ ರಾಮ ಇದಕ್ಕೆ ಸಿಗುವುದಿಲ್ಲ. ಯುದ್ಧಕಾಂಡದ ಕೊನೆಗೆ ದೇವತೆಗಳೆಲ್ಲ ಬಂದು ಕೈ ಮುಗಿದು ನಿಂತಾಗ ಅವನು ಹೇಳುವುದು, ನಾನು ಮನುಷ್ಯ ಅಂತಲೇ ತಿಳಿದುಕೊಂಡಿದ್ದೇನೆ, ದಶರಥನ ಮಗ ರಾಮ, ನಾನು ನಿಜವಾಗಿ ಯಾರು ಅಂತ ನೀವೇ ಹೇಳಿ. ಬ್ರಹ್ಮ ಹೇಳಬೇಕಾಗುತ್ತದೆ. ನೆನಪಿಲ್ಲ ಅಂತ ರಾಮನನ್ನು ವಿಷ್ಣು ಅಲ್ಲ ಅನ್ನಲು ನಮ್ಮಲ್ಲಿ ಯಾರೂ ತಯಾರಿಲ್ಲ. ಮರೆವಿನ ಕಾಯಿಲೆ ಬಂದು ನಮ್ಮಜ್ಜಿ ಕೊನೆಯ ಎರಡು ವರ್ಷ ನನ್ನನ್ನು 'ಯಾರಪ್ಪಾ ನೀನು, ಊಟ ಮಾಡಿದ್ಯಾ' ಅಂತ ಕೇಳುತ್ತಿದ್ದರು. ಅವರು ನಮ್ಮಜ್ಜಿಯೇ.

ಗೇಮುಗಳಲ್ಲೂ ಇದೇ ಕಥೆ. 2011ರ ಜೆಲ್ಡಾ ಗೇಮ್ ಸ್ಕೈವರ್ಡ್ ಸ್ವೋರ್ಡ್‌ನಲ್ಲಿ ಹೈಲಿಯಾ ಅನ್ನೋ ದೇವತೆ ತನ್ನ ದೈವತ್ವ ಬಿಟ್ಟು ಜೆಲ್ಡಾ ಅನ್ನೋ ಹುಡುಗಿಯಾಗಿ ಹುಟ್ಟುತ್ತಾಳೆ. ಯಾಕಂದ್ರೆ ಬೇಡಿದ್ದನ್ನು ಈಡೇರಿಸುವ ಟ್ರೈಫೋರ್ಸ್ ಅನ್ನೋ ವಸ್ತುವನ್ನು ದೇವರುಗಳಿಗೆ ಬಳಸಲು ಬರುವುದಿಲ್ಲ, ಮನುಷ್ಯರಿಂದ ಮಾತ್ರ ಸಾಧ್ಯ. ನೆನಪು ಬಂದ ಮೇಲೆ ಜೆಲ್ಡಾ ತನ್ನ ಗೆಳೆಯನ ಎದುರು ಕ್ಷಮೆ ಕೇಳುತ್ತಾಳೆ, ಯಾಕಂದ್ರೆ ಅವನನ್ನು ಈ ಕೆಲಸಕ್ಕೆ ಎಳೆದದ್ದು ತಾನೇ, ಹಿಂದಿನ ತಾನು. ಟೋಲ್ಕಿನ್ ಬರೆದ ಲಾರ್ಡ್ ಆಫ್ ದಿ ರಿಂಗ್ಸ್ ಕಾದಂಬರಿಯ ಮಾಂತ್ರಿಕ ಗ್ಯಾಂಡಾಲ್ಫ್ ಮೂಲದಲ್ಲಿ ಒಲೋರಿನ್ ಅನ್ನೋ ದೈವೀ ಚೇತನ. ಮುದುಕನ ಮೈಯಲ್ಲಿ ಭೂಮಿಗೆ ಬಂದ ಮೇಲೆ ಅವನಿಗೆ ಹಸಿವು, ಭಯ, ಆಯಾಸ, ಸಾವು ಎಲ್ಲವೂ ಇದೆ, ಹಳೆಯದು ಮಸುಕಾಗಿದೆ. ಸತ್ತು ವಾಪಸ್ ಬಂದಾಗ ಬಟ್ಟೆಯ ಬಣ್ಣ ಬೇರೆ, ಗತ್ತು ಬೇರೆ. ಅವನು ಬೇರೆಯವನು ಅಂತ ಗೆಳೆಯರು ಅಂದುಕೊಳ್ಳುವುದಿಲ್ಲ.

ಹಾಗಾಗಿ ನೆನಪನ್ನು ಪಕ್ಕಕ್ಕಿಡಿ. ನನಗೆ ಜಾಸ್ತಿ ಮಜಾ ಅನಿಸುವುದು ವರದ ವಿಷಯ.

ದಾವಣಗೆರೆಯಿಂದ ಸುಮಾರು 15 ಕಿಲೋಮೀಟರ್ ಹೋದರೆ ಹರಿಹರ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ. ಒಳಗೆ ಒಂದೇ ಮೂರ್ತಿ, ಅರ್ಧ ಹರಿ, ಅರ್ಧ ಹರ. ಸ್ಥಳಪುರಾಣ ಎಲ್ಲರಿಗೂ ಗೊತ್ತು. ಗುಹಾಸುರ ಬ್ರಹ್ಮನಿಂದ ವರ ಪಡೆದಿದ್ದ, ಹರಿಯೂ ಕೊಲ್ಲಬಾರದು, ಹರನೂ ಕೊಲ್ಲಬಾರದು ಅಂತ. ಅದಕ್ಕೆ ಇಬ್ಬರೂ ಸೇರಿ ಒಂದು ದೇಹ ಆದರು, ಕೊಂದರು. ಚಿಕ್ಕಂದಿನಲ್ಲಿ ಕೇಳಿದಾಗ ಸುಮ್ನೆ ಚಪ್ಪಾಳೆ ತಟ್ಟಿದ್ದೆ. ಈಗ ನೋಡಿದರೆ ಇದು ಪಕ್ಕಾ ವಕೀಲರ ಕೆಲಸ. ಹರಿಹರ ಅಂದರೆ ಹರಿಯೇ ಅನ್ನುವುದಾದರೆ ವರ ಮುರಿಯಿತು, ಬ್ರಹ್ಮನ ಮಾತು ಸುಳ್ಳಾಯಿತು. ಹರಿಹರ ಅಂದರೆ ಹರಿಯೂ ಅಲ್ಲ ಹರನೂ ಅಲ್ಲದ ಮೂರನೆಯವನು ಅಂದರೆ ವರ ಉಳಿಯಿತು, ಆದರೆ ಗುಡಿಗೆ ಬಂದವರು ಕೈ ಮುಗಿಯುವುದು ಯಾರಿಗೆ? ಕೊಲ್ಲುವ ಹೊತ್ತಿಗೆ ಬೇರೆ ಆಗಿರಬೇಕು, ಪೂಜೆಯ ಹೊತ್ತಿಗೆ ಅವರೇ ಆಗಿರಬೇಕು.

ರಾವಣನ ಕಥೆಯೂ ಇದೇ ಮಾದರಿ. ದೇವರಿಂದ, ಗಂಧರ್ವರಿಂದ, ಯಕ್ಷರಿಂದ, ರಾಕ್ಷಸರಿಂದ ಸಾವು ಬೇಡ ಅಂದ. ಮನುಷ್ಯರನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಈಗ ರಾಮ ಮನುಷ್ಯನ ವೇಷದ ದೇವರು ಮಾತ್ರ ಆಗಿದ್ದರೆ ರಾವಣನಿಗೆ ಮೋಸ ಆಯಿತು ಅಂತ ಅರ್ಥ, ವರ ಕೊಟ್ಟ ಬ್ರಹ್ಮನಿಗೂ ಅವಮಾನ. ರಾಮ ನಿಜವಾಗಿ ಮನುಷ್ಯ ಆಗಿರಲೇಬೇಕು. ಅದಕ್ಕೇ ಅವನಿಗೆ ಗೊತ್ತಿಲ್ಲದಿರುವುದು ಕಥೆಗೆ ಅಗತ್ಯ, ಕವಿಯ ಮರೆವಲ್ಲ. ಟ್ರೈಫೋರ್ಸ್ ಮುಟ್ಟಲು ಹೈಲಿಯಾ ಮನುಷ್ಯಳಾಗಿ ಹುಟ್ಟಬೇಕಾದದ್ದೂ ಇದಕ್ಕೇ. ನರಸಿಂಹನಿಗೆ ಈ ತಾಪತ್ರಯ ಇಲ್ಲ. ಅವನು ತಾಯಿ ಹೊಟ್ಟೆಯಲ್ಲಿ ಬರಲಿಲ್ಲ, ಕಂಬದಿಂದ ಬಂದ, ಕೆಲಸ ಮುಗಿಸಿದ. ಬಾಲ್ಯ ಇಲ್ಲ, ಮದುವೆಯ ಸಂಭ್ರಮ ಇಲ್ಲ, ಕಾಡಿಗೆ ಹೋಗು ಅನ್ನುವ ಚಿಕ್ಕಮ್ಮ ಇಲ್ಲ. ಅವನು ಯಾರು ಅಂತ ಅವನಿಗೇ ಅನುಮಾನ ಬರಲು ಟೈಮೇ ಇಲ್ಲ.

ಒಂದೇ ಹೊತ್ತಿಗೆ ಇಬ್ಬರು ಇದ್ದರೆ? ಮಿಥಿಲೆಯಿಂದ ವಾಪಸ್ ಬರುವ ದಾರಿಯಲ್ಲಿ ಪರಶುರಾಮ ರಾಮನನ್ನು ಅಡ್ಡಗಟ್ಟುತ್ತಾನೆ. ಇಬ್ಬರೂ ವಿಷ್ಣು. ಒಬ್ಬ ಬಿಲ್ಲು ಕೊಟ್ಟು ಸವಾಲು ಹಾಕುತ್ತಾನೆ, ಇನ್ನೊಬ್ಬ ಹೆದೆ ಏರಿಸುತ್ತಾನೆ, ಮೊದಲಿನವನ ತೇಜಸ್ಸು ಇಳಿದು ಹೋಗುತ್ತದೆ. ಇದನ್ನು ಬಿಡಿಸಲು ಹಳಬರು ಪಟ್ಟಿ ಮಾಡಿದರು: ದೇವರು ಪೂರ್ತಿ ಬಂದರೆ ಪೂರ್ಣಾವತಾರ, ಒಂದು ಪಾಲು ಬಂದರೆ ಅಂಶಾವತಾರ, ಇನ್ನೊಬ್ಬರೊಳಗೆ ಹೊಕ್ಕರೆ ಆವೇಶಾವತಾರ. ಭಾಗವತದ ಮೊದಲ ಸ್ಕಂಧದಲ್ಲಿ ಉಳಿದವರೆಲ್ಲ ಅಂಶ, ಕಲೆ (ಅಂದರೆ ಅಂಶದ ಒಂದು ಚೂರು), ಕೃಷ್ಣ ಮಾತ್ರ ಸ್ವಯಂ ಭಗವಂತ ಅನ್ನುವ ಮಾತೂ ಇದೆ. ಒಂದು ದೀಪದಿಂದ ಇನ್ನೊಂದು ಹಚ್ಚಿದ ಹಾಗೆ, ಮೊದಲಿನದು ಕಡಿಮೆಯಾಗುವುದಿಲ್ಲ ಅನ್ನುತ್ತಾರೆ. ಚೆಂದದ ಹೋಲಿಕೆ. ಆದರೆ ದೀಪಗಳು ದಾರಿಯಲ್ಲಿ ನಿಂತು ಜಗಳ ಆಡುವುದಿಲ್ಲ, ಅಲ್ವಾ?

2022ರ ಎಲ್ಡನ್ ರಿಂಗ್ ಗೇಮ್ ಈ ಜಗಳವನ್ನು ಒಂದೇ ಮೈಯೊಳಗೆ ಹಾಕಿಬಿಟ್ಟಿದೆ. ಮರಿಕಾ ದೇವತೆ, ರಾಡಗನ್ ಅವಳ ಗಂಡ. ಕಡೆಗೆ ಗೊತ್ತಾಗುವುದು ಇಬ್ಬರದೂ ಒಂದೇ ದೇಹ. ಅವಳು ಆ ಲೋಕದ ಮೂಲವಾದ ಉಂಗುರವನ್ನು ಒಡೆಯುತ್ತಾಳೆ, ಅವನು ಅದೇ ಸುತ್ತಿಗೆಯಿಂದ ಜೋಡಿಸಲು ನೋಡುತ್ತಾನೆ. ತನ್ನನ್ನೇ ಮದುವೆಯಾಗಿ ತನ್ನ ಮೇಲೇ ಮುನಿಸು. ಇದಕ್ಕೆ ನಮ್ಮ ಹುಡುಗ ಗಂಟೆಗಟ್ಟಲೆ ವಿಡಿಯೋ ನೋಡಿದ್ದಾನೆ.

ನನಗೆ ನೆನಪಾಗುವುದು ಚಿತ್ರದುರ್ಗದ ಅಕ್ಕ ತಂಗಿ ಭೇಟಿ. ದೊಡ್ಡಪೇಟೆಯ ಬೀದಿಯಲ್ಲಿ ವರ್ಷಕ್ಕೊಮ್ಮೆ ಬರಗೇರಮ್ಮ, ತಿಪ್ಪಿನಘಟ್ಟಮ್ಮ ಇಬ್ಬರನ್ನೂ ಎದುರುಬದುರು ತಂದು ಭೇಟಿ ಮಾಡಿಸುತ್ತಾರೆ. ಜನ ಕಿಕ್ಕಿರಿದಿರುತ್ತಾರೆ. ಶಾಸ್ತ್ರ ಓದಿದವರನ್ನು ಕೇಳಿದರೆ ಇಬ್ಬರೂ ಒಂದೇ ಶಕ್ತಿಯ ರೂಪ ಅನ್ನುತ್ತಾರೆ. ಒಮ್ಮೆ ಜಂಗುಳಿಯಲ್ಲಿ ಪಕ್ಕ ನಿಂತಿದ್ದ ಅಜ್ಜಿಯೊಬ್ಬರನ್ನು ನಾನೂ ಬುದ್ಧಿವಂತನಂತೆ ಕೇಳಿದೆ, "ಇಬ್ರೂ ಒಬ್ಳೇ ಅಮ್ಮ ಅಲ್ವೇನಜ್ಜಿ?" ಅಜ್ಜಿ ನನ್ನನ್ನು ಕೆಳಗಿನಿಂದ ಮೇಲೆ ನೋಡಿ, "ಒಬ್ಳೇ ಆಗಿದ್ರೆ ಭೇಟಿ ಯಾಕಪ್ಪಾ ಮಾಡಿಸ್ತಿದ್ರು?" ಅಂದರು.

ಇನ್ನೊಂದು ತರದ ಕಥೆಗಳಿವೆ, ಅಲ್ಲಿ ದೇವರು ಅನ್ನುವುದು ವ್ಯಕ್ತಿಯಲ್ಲ, ಕುರ್ಚಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಪಾತ್ರಾಭಿನಯದ ಆಟದ ಫರ್ಗಾಟನ್ ರೆಲ್ಮ್ಸ್ ಲೋಕದಲ್ಲಿ ಮಂತ್ರಶಕ್ತಿಗೆ ಒಬ್ಬ ದೇವತೆ. ಮೊದಲು ಮಿಸ್ಟ್ರಿಲ್. ಕಾರ್ಸಸ್ ಅನ್ನುವ ಮಾಂತ್ರಿಕ ಅವಳ ಶಕ್ತಿ ಕಸಿಯಲು ಹೋದಾಗ ಲೋಕ ಉಳಿಸಲು ಅವಳು ಸಾಯುತ್ತಾಳೆ, ಮಿಸ್ಟ್ರಾ ಆಗಿ ಮತ್ತೆ ಬರುತ್ತಾಳೆ. 1989ರಲ್ಲಿ ಪ್ರಕಟವಾದ ಕಥಾಸರಣಿಯಲ್ಲಿ ಹೆಚ್ಚುಕಡಿಮೆ ಎಲ್ಲ ದೇವರುಗಳನ್ನೂ ಸಾಯುವ ದೇಹದಲ್ಲಿ ಭೂಮಿಗೆ ತಳ್ಳಲಾಗುತ್ತದೆ. ಆಗ ಮಿಸ್ಟ್ರಾ ಕೂಡ ಸಾಯುತ್ತಾಳೆ, ಮಿಡ್‌ನೈಟ್ ಅನ್ನೋ ಸಾಮಾನ್ಯ ಮಂತ್ರಗಾರ್ತಿ ಆ ಜಾಗಕ್ಕೆ ಬಂದು ಮಿಸ್ಟ್ರಾ ಅನ್ನುವ ಹೆಸರನ್ನೇ ಇಟ್ಟುಕೊಳ್ಳುತ್ತಾಳೆ. ಇದು ಅವತಾರದ ಉಲ್ಟಾ, ಮನುಷ್ಯ ಮೇಲೆ ಹೋಗುವುದು. ತಾಲೂಕು ಆಫೀಸಿನ ಭಾಷೆಯಲ್ಲಿ ಹೇಳಬೇಕೆಂದರೆ ಪೌತಿ ಖಾತೆ. ಹಿಂದಿನವರು ತೀರಿಕೊಂಡರು, ಜಮೀನು ಅದೇ, ಪಹಣಿಯಲ್ಲಿ ಹೆಸರು ಬದಲಾಯಿತು. 2002ರ ಮಾರೋವಿಂಡ್ ಗೇಮ್ ಇನ್ನೂ ತುಂಟತನ ಮಾಡುತ್ತದೆ. ನೀವು ಆಡುವ ಪಾತ್ರ ನೆರೆವಾರ್ ಅನ್ನೋ ಹಳೆಯ ವೀರನ ಪುನರ್ಜನ್ಮ ಅಂತ ಭವಿಷ್ಯವಾಣಿ. ಆದರೆ ಒಂದು ಗುಹೆಗೆ ಹೋದರೆ ಅಲ್ಲಿ ನಿಮಗಿಂತ ಮೊದಲು 'ನಾನೇ ಅವನು' ಅಂತ ಹೊರಟು ಸೋತವರ ಆತ್ಮಗಳು ಕೂತಿರುತ್ತವೆ. ಅವರೂ ಅವನೇ ಆಗಿದ್ದರಾ? ಗೇಮ್ ಬಾಯಿ ಬಿಡುವುದಿಲ್ಲ. ಕೆಲಸ ಮುಗಿಸಿದವನಿಗೆ ಹೆಸರು ಸಿಗುತ್ತದೆ, ಅಷ್ಟೇ.

ಇಷ್ಟೆಲ್ಲ ಓಡಾಡಿದ ಮೇಲೆ ನನಗೆ ಉತ್ತರದ ದಾರಿ ತೋರಿಸಿದ್ದು ನಮ್ಮ ಬೀದಿಯ ಒಬ್ಬ ಹೆಂಗಸು. ಎರಡು ವರ್ಷಕ್ಕೊಮ್ಮೆ ನಮ್ಮ ಊರದೇವತೆ ದುಗ್ಗಮ್ಮನ ಜಾತ್ರೆ ಬಂದಾಗ ಅವರ ಮೈಮೇಲೆ ಅಮ್ಮ ಬರುತ್ತಾಳೆ. ಆ ಅರ್ಧ ಗಂಟೆ ಎಲ್ಲರೂ ಅವರನ್ನು 'ತಾಯೀ' ಅಂತಾರೆ, ಗಂಡನೂ ಸೇರಿ. ಮಾಮೂಲಿ ದಿನದಲ್ಲಿ ಭಾವನ ಎದುರು ತಲೆ ಎತ್ತಿ ಮಾತಾಡದವರು ಅವತ್ತು ಅದೇ ಭಾವನಿಗೆ ಏಕವಚನದಲ್ಲಿ "ನನ್ ಹರಕೆ ಯಾಕೋ ಮರ್ತೆ?" ಅಂತ ಗದರುತ್ತಾರೆ. ಅವರು ಕೈ ಕಟ್ಟಿ "ತಪ್ಪಾಯ್ತು ತಾಯಿ" ಅಂತಾರೆ. ಮಾರನೇ ಬೆಳಿಗ್ಗೆ ಇವರೇ ಕಾಫಿ ತಂದು "ತಗೋಳ್ರಿ ಭಾವ" ಅನ್ನುತ್ತಾರೆ. ನಿನ್ನೆ ಬೈದೆ ಅಂತ ಯಾರೂ ಇವರ ಮೇಲೆ ಮುನಿಸಿಕೊಂಡಿಲ್ಲ. ಹರಕೆ ಮಾತ್ರ ತೀರಿಸಲೇಬೇಕು, ಅದು ದುಗ್ಗಮ್ಮನಿಗೆ. ಬೈಗುಳದ ಜವಾಬ್ದಾರಿ ಅಮ್ಮನದು, ಕಾಫಿ ಇವರದು. ಇಡೀ ಬೀದಿಗೆ ಇದರಲ್ಲಿ ಒಂದು ಚೂರೂ ಗೊಂದಲ ಇಲ್ಲ.

ಅಲ್ಲಿಗೆ ಹೊಳೆಯಿತು. 'ಅದೇ ವ್ಯಕ್ತಿಯಾ' ಅಂತ ನಾವು ಕೇಳುವಾಗ ನಿಜವಾಗಿ ಕೇಳುತ್ತಿರುವುದು, ಲೆಕ್ಕ ಯಾರ ಹೆಸರಿಗೆ ಬರೆಯಬೇಕು ಅಂತ. ನಮ್ಮಜ್ಜನ ಎರಡು ಎಕರೆ ಇವತ್ತಿಗೂ ಅಜ್ಜನ ಹೆಸರಲ್ಲೇ ಇದೆ, ಸಾಲದ ನೋಟಿಸು ತೀರಿಹೋದ ಅಜ್ಜನ ಹೆಸರಿಗೇ ಬರುತ್ತದೆ, ಕಟ್ಟುವುದು ನಮ್ಮಪ್ಪ. ನಮ್ಮಪ್ಪ ಅಜ್ಜನಲ್ಲ. ಆದರೆ ಆ ನೋಟಿಸಿನ ಮಟ್ಟಿಗೆ ಹೌದು.

ಈ ಕಣ್ಣಿಂದ ಹಳೆಯ ಕಥೆಗಳನ್ನು ಓದಿದರೆ ಸಾಲ ಎಲ್ಲ ಕಡೆ ಕಾಣುತ್ತದೆ. ವಿಷ್ಣು ಭೃಗುವಿನ ಹೆಂಡತಿಯನ್ನು ಕೊಂದ. ನೀನೂ ಮನುಷ್ಯನಾಗಿ ಹುಟ್ಟಿ ಹೆಂಡತಿಯ ಅಗಲಿಕೆ ಅನುಭವಿಸು ಅಂತ ಭೃಗು ಶಾಪ ಕೊಟ್ಟ. ಅನುಭವಿಸಿದ್ದು ರಾಮ. ರಾಮ ವಾಲಿಯನ್ನು ಮರೆಯಲ್ಲಿ ನಿಂತು ಕೊಂದ. ಕೃಷ್ಣನ ಕಾಲಿಗೆ ಬಾಣ ಬಿಟ್ಟ ಬೇಡ ಆ ವಾಲಿಯೇ ಅಂತ ಜನ ಹೇಳುವ ಕಥೆ ಇದೆ. ಅಂದರೆ ರಾಮನ ಬಾಕಿ ಕೃಷ್ಣನ ಹೆಸರಿಗೆ ಬಂತು. ನೆನಪು ಬೇರೆ, ಮೈ ಬೇರೆ, ಸ್ವಭಾವವಂತೂ ಪೂರ್ತಿ ಬೇರೆ, ಖಾತೆ ಒಂದೇ. ಯಮನು ಮಾಂಡವ್ಯ ಋಷಿಯ ಶಾಪದಿಂದ ವಿದುರನಾಗಿ ಹುಟ್ಟಿದ್ದೂ ಇದೇ ಲೆಕ್ಕದಲ್ಲಿ. ಚಿಕ್ಕ ತಪ್ಪಿಗೆ ಆ ಋಷಿಗೆ ಅತಿ ಕಠಿಣ ಶಿಕ್ಷೆ ಕೊಟ್ಟ ನ್ಯಾಯಾಧೀಶ ಹಸ್ತಿನಾವತಿಯಲ್ಲಿ ನ್ಯಾಯ ಹೇಳಿಯೂ ಯಾರಿಂದಲೂ ಕೇಳಿಸಿಕೊಳ್ಳದೆ ಬದುಕು ಸವೆಸಿದ. ಅವನು ಸಾಯುವಾಗ ಹೊಕ್ಕಿದ್ದು ಧರ್ಮರಾಯನ ಮೈಯನ್ನು, ಅವನೂ ಅದೇ ಯಮಧರ್ಮನ ಮಗ.

15ನೇ ಶತಮಾನದ ಚಾಮರಸ ಪ್ರಭುಲಿಂಗಲೀಲೆಯಲ್ಲಿ ಮಾಡಿದ್ದು ಇನ್ನೂ ಜಾಣ ಕೆಲಸ. ಶಿವನಿಗಂತೂ ಹುಟ್ಟಿಲ್ಲ, ನಮ್ಮ ಕಡೆ ಅದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಅಲ್ಲಮನನ್ನು ಮರುಳು ಮಾಡುತ್ತೇನೆ ಅಂತ ಪಾರ್ವತಿ ಸವಾಲು ಹಾಕಿ ತನ್ನ ತಾಮಸ ಕಳೆಯನ್ನು, ಅಂದರೆ ತಮೋಗುಣದ ಅಂಶವನ್ನು, ಬನವಸಿಗೆ ಕಳಿಸುತ್ತಾಳೆ. ಅದು ಮಾಯಾದೇವಿ. ಸೋಲುತ್ತಾಳೆ. ಮುಂದೆ ಸಾತ್ವಿಕ ಕಳೆ ಹುಟ್ಟುತ್ತದೆ. ಅದು ಅಕ್ಕಮಹಾದೇವಿ. ಒಬ್ಬಳೇ ದೇವಿಯ ಎರಡು ತುಂಡು, ಒಬ್ಬಳಿಗೆ ಅಲ್ಲಮ ಬೇಕು, ಇನ್ನೊಬ್ಬಳಿಗೆ ಅಲ್ಲಮ ಕಂಡ ಬಯಲು ಬೇಕು. ಮಾಯೆ ಸೋತಾಗ ತಲೆ ತಗ್ಗಿಸುವುದು ಕೈಲಾಸದಲ್ಲಿ ಪಾರ್ವತಿ. ಅಕ್ಕ ಗೆದ್ದಾಗ ಮಾತ್ರ ಆ ಗೆಲುವನ್ನು ಪಾರ್ವತಿಯ ಹೆಸರಿಗೆ ಬರೆಯಲು ನನಗೆ ಕೈ ಬರುವುದಿಲ್ಲ. ಅದು ಅಕ್ಕನದೇ. ನನ್ನ ಪಕ್ಷಪಾತ ಅನ್ನಿ ಬೇಕಾದರೆ.

'ಎಲ್ಲವೂ ಒಂದೇ ಬ್ರಹ್ಮ, ಆದ್ದರಿಂದ ಪ್ರಶ್ನೆಯೇ ಇಲ್ಲ' ಅನ್ನುವವರೂ ಇದ್ದಾರೆ. ಹುಡುಗನ ಸಹಪಾಠಿಯೊಬ್ಬ ಹಾಗೇ ವಾದಿಸಿದನಂತೆ. ಅದು ಅತಿಯಾದ ಉತ್ತರ. ರಾಮ ವಿಷ್ಣು ಹೌದಾ ಅಂತ ಕೇಳಿದರೆ ರಾವಣನೂ ವಿಷ್ಣುವೇ, ಮಿರ್ಚಿಯೂ ವಿಷ್ಣುವೇ ಅಂದ ಹಾಗೆ. ಬೇರೆ ಹೊತ್ತಿನಲ್ಲಿ ನಿಜ ಇರಬಹುದು, ಕಥೆ ಬಿಡಿಸಲು ಉಪಯೋಗಕ್ಕೆ ಬರುವುದಿಲ್ಲ.

ಹುಡುಗನಿಗೆ ಇದನ್ನೆಲ್ಲ ಹೇಳಿದೆ. ತೀರ್ಪಿನಲ್ಲಿ ಇದ್ದ ಹೆಸರು ನೀರಿನ ದೇವತೆ, ಆ ಖಾತೆ ಫೋಕಲೋರ್ಸ್‌ದು, ಅವಳು ಸತ್ತು ಕಟ್ಟಿದಳು, ಹಾಗಾಗಿ ಫುರೀನಾ ಬೇರೆ. ಲೆಕ್ಕ ಸರಿ ಹೋಯಿತಲ್ಲ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಸಲು ಫೋಕಲೋರ್ಸ್ ಕಟ್ಟಿದ್ಳು, ಸರಿ. 500 ವರ್ಷದ ಬಡ್ಡಿ?" ಅಂದ.

ಬಡ್ಡಿಯ ಬಗ್ಗೆ ನಾನು ಯೋಚಿಸಿರಲಿಲ್ಲ. ಹಾಗೆ ನೋಡಿದರೆ ನನಗೆ ಜಾಸ್ತಿ ಕಾಡುವುದು ಫುರೀನಾ ಅಲ್ಲ, ಸೀತೆ. ಭೃಗುವಿನ ಶಾಪ ಇದ್ದದ್ದು ವಿಷ್ಣುವಿನ ಮೇಲೆ, ಹೆಂಡತಿಯಿಂದ ಅಗಲಬೇಕು ಅಂತ. ಅವನು ಅಗಲಿದ, ಸಾಲ ತೀರಿತು. ಆದರೆ ಒಬ್ಬರೇ ಅಗಲಲು ಆಗುತ್ತದಾ? ಬಸುರಿಯಾಗಿ ಕಾಡಿನಲ್ಲಿ ನಿಂತವಳ ಹೆಸರು ಆ ಶಾಪದಲ್ಲಿ ಎಲ್ಲೂ ಇಲ್ಲ. ಅವಳು ಜಾಮೀನಿಗೂ ಸಹಿ ಹಾಕಿರಲಿಲ್ಲ.